ನಾಲ್ಕನೇ ಕ್ಲಾಸಿನ ಹೊಸ್ತಿಲು

ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಚಪ್ಪರ. ಗೋಡೆಯಿಂದ ಗೋಡೆಗೆ ಬಿಗಿದ ದಾರಗಳಲ್ಲಿ ಮಕ್ಕಳು ಬಿಡಿಸಿದ ಚಿತ್ರ, ಬರೆದ ಪದ, ಕತ್ತರಿಸಿದ ಕಾಗದದ ಗಿಳಿ ತೂಗುತ್ತಿರುತ್ತವೆ. ಗೋಡೆಯ ಕೆಳಭಾಗಕ್ಕೆ, ಕುಳಿತ ಮಗುವಿನ ಕೈಗೆ ಎಟುಕುವಂತೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೂ ಒಂದೊಂದು ಅಂಕಣ ಮಾಡಿರುತ್ತಾರೆ. ಬೆಂಚುಗಳಿಲ್ಲ, ಹಾಗಾಗಿ ಲಾಸ್ಟ್ ಬೆಂಚೂ ಇಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ತಮ್ಮ ತಮ್ಮ ಕಾರ್ಡು ಹಿಡಿದಿರುತ್ತಾರೆ. ಅಕ್ಷರಮಾಲೆ ಅ ಆ ಇ ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಐದು ಬಂದರೆ ಸಾಕು, ಅರಸ, ಸರ, ದರ, ಗರಗಸ ಎಲ್ಲವನ್ನೂ ಓದಬಹುದು. ಮೊದಲ ತಿಂಗಳಲ್ಲೇ ಮಗುವಿಗೆ 'ನಂಗೆ ಓದೋಕೆ ಬರುತ್ತೆ' ಅನ್ನಿಸಬೇಕು ಎಂಬುದು ಅದರ ಹಿಂದಿನ ಲೆಕ್ಕಾಚಾರ.

ಈ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ. ಆಂಧ್ರದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ಯುನಿಸೆಫ್ ನೆರವಿನಿಂದ ನಮ್ಮ ಮೇಷ್ಟರುಗಳೇ ಕನ್ನಡಕ್ಕೆ ಒಗ್ಗಿಸಿಕೊಂಡರು. 2009-10ರಲ್ಲಿ ಅದು ರಾಜ್ಯದ ಉದ್ದಗಲಕ್ಕೂ ಹರಡಿತು. 'ಬರೀ ಆಟ ಆಡಿಸ್ತಾರೆ, ಪಾಠ ಮಾಡಲ್ಲ' ಎಂದು ಪೋಷಕರು ದೂರಿದ್ದುಂಟು. ಮೂರು ತರಗತಿಗಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿಯರು 'ಕಾರ್ಡು ಹುಡುಕೋದ್ರಲ್ಲೇ ದಿನ ಮುಗಿಯುತ್ತೆ' ಎಂದು ಗೊಣಗಿದ್ದೂ ಉಂಟು. ಎರಡರಲ್ಲೂ ನಿಜವಿದೆ. ಆದರೆ ನಲಿ-ಕಲಿಯ ಒಂದು ಗುಣವನ್ನು ಅದರ ಟೀಕಾಕಾರರೂ ಅಲ್ಲಗಳೆಯಲಾರರು: ಅಲ್ಲಿ ಕಲಿಕೆಗೆ ಏಣಿ ಇದೆ, ಆದರೆ ಎಲ್ಲರೂ ಒಂದೇ ದಿನ ಒಂದೇ ಮೆಟ್ಟಿಲ ಮೇಲಿರಬೇಕೆಂಬ ಹಟವಿಲ್ಲ. ಜ್ವರ ಬಂದು ವಾರ ಮಲಗಿದ್ದ ಮಗು ಮರಳಿ ಬಂದಾಗ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ನಿಧಾನಿಯಾದ ಮಗುವನ್ನು ನಿಧಾನಿ ಎಂದು ಯಾರೂ ಬೊಟ್ಟು ಮಾಡುವುದಿಲ್ಲ, ಯಾಕೆಂದರೆ ಪಕ್ಕದಲ್ಲಿ ಕೂತವಳು ಬೇರೆಯದೇ ಕಾರ್ಡು ಓದುತ್ತಿರುತ್ತಾಳೆ.

ಮೂರು ವರ್ಷ ಹೀಗೆ ಕಳೆಯುತ್ತದೆ. ಆಮೇಲೆ ಬರುವುದು ನಾಲ್ಕನೇ ಕ್ಲಾಸು.

ಅಲ್ಲಿ ಬೆಂಚು ಇದೆ, ಪೀರಿಯಡ್ಡು ಇದೆ, ಪುಟಗಟ್ಟಲೆ ಪಠ್ಯಪುಸ್ತಕವಿದೆ. ಅಲ್ಲಿಯವರೆಗೆ ಓದು ಒಂದು ವಿಷಯವಾಗಿತ್ತು. ಇಲ್ಲಿಂದ ಮುಂದೆ ಪರಿಸರ ಅಧ್ಯಯನಕ್ಕೂ ಲೆಕ್ಕಕ್ಕೂ ಓದಿನ ಮೂಲಕವೇ ಹೋಗಬೇಕು. ಮೇಷ್ಟ್ರು 'ಎದ್ದು ನಿಂತು ಓದು' ಅನ್ನುತ್ತಾರೆ. ಮೂರು ವರ್ಷ ಯಾರ ಕಣ್ಣಿಗೂ ಬೀಳದಿದ್ದ ತೊಡಕು ಆ ಒಂದು ನಿಮಿಷದಲ್ಲಿ ಇಡೀ ತರಗತಿಯ ಎದುರು ಬಯಲಾಗುತ್ತದೆ. ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಈಚೆಗೆ ಬಹಳ ಮಾತು ಕೇಳಿಬರುತ್ತಿದೆ. ಹೈಸ್ಕೂಲು, ಮೊಬೈಲು, ಪರೀಕ್ಷೆಯ ಒತ್ತಡ ಎಂದು ಆ ಮಾತು ಹದಿಹರೆಯದ ಸುತ್ತಲೇ ಸುತ್ತುತ್ತದೆ. ಅದರ ಬೇರನ್ನು ಹುಡುಕುವವರು ಇನ್ನಷ್ಟು ಹಿಂದಕ್ಕೆ, ಈ ನಾಲ್ಕನೇ ಕ್ಲಾಸಿನ ಹೊಸ್ತಿಲಿಗೆ ಬರಬೇಕು ಎಂಬುದು ನನ್ನ ವಾದ. ಕಲಿಕೆಯ ತೊಡಕೂ ಮನಸ್ಸಿನ ನೋವೂ ಬೇರೆ ಬೇರೆ ಕಾಯಿಲೆಗಳಾಗಿ ಆಸ್ಪತ್ರೆಯ ಕಡತದಲ್ಲಿ ಇರಬಹುದು. ಮಗುವಿನೊಳಗೆ ಅವು ಒಂದೇ.

ಕನ್ನಡದಲ್ಲೂ ಓದು ತೊಡರುತ್ತದೆ

ಡಿಸ್ಲೆಕ್ಸಿಯಾ ಅಂದರೆ ಇಂಗ್ಲಿಷ್ ಮೀಡಿಯಂ ಮಕ್ಕಳ ಸಮಸ್ಯೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. 2007ರಲ್ಲಿ ಬಂದ 'ತಾರೇ ಜಮೀನ್ ಪರ್' ಸಿನಿಮಾ ನೋಡಿ ಕಣ್ಣೊರೆಸಿಕೊಂಡವರೂ ಅದನ್ನು ಪಟ್ಟಣದ, ಬೋರ್ಡಿಂಗ್ ಸ್ಕೂಲಿನ ಕಥೆಯೆಂದೇ ನೋಡಿದರು. ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ, ಸ್ಪೆಲ್ಲಿಂಗಿನ ಕಾಟವಿಲ್ಲ, ಇನ್ನೆಲ್ಲಿಯ ತೊಡಕು ಎಂಬ ತರ್ಕ.

ತರ್ಕದ ಮೊದಲರ್ಧ ಸರಿ. ನಮ್ಮ ಲಿಪಿ ಇಂಗ್ಲಿಷಿನಷ್ಟು ಮೋಸ ಮಾಡುವುದಿಲ್ಲ. ಆದರೆ ಕೇಳುವುದು ಬಹಳ. ಮೂವತ್ನಾಲ್ಕು ವ್ಯಂಜನಗಳಿಗೆ ಕಾಗುಣಿತ ಕಟ್ಟಿದರೆ ರೂಪಗಳ ಎಣಿಕೆ ನಾನೂರು ದಾಟುತ್ತದೆ. ಒತ್ತಕ್ಷರ ಸೇರಿದರೆ ಲೆಕ್ಕ ಇನ್ನೂ ಮೇಲೇರುತ್ತದೆ. ಬ-ಭ, ದ-ಧ, ಪ-ಫ-ಷ, ಘ-ಫ ಇವೆಲ್ಲ ಒಂದು ಸಣ್ಣ ಗೀಟಿನ ಅಂತರದಲ್ಲಿ ನಿಂತಿವೆ. ಗುಡಿಸು ಮೇಲೆ, ಕೊಂಬು ಪಕ್ಕಕ್ಕೆ, ಒತ್ತು ಕೆಳಗೆ. ಅರ್ಕಾವತ್ತಂತೂ ಬಾಯಲ್ಲಿ ಮೊದಲು ಬಂದು ಕಾಗದದಲ್ಲಿ ಆಮೇಲೆ ಬರುತ್ತದೆ. 'ಸೂರ್ಯ' ಎಂದು ಬರೆಯುವ ಮಗು ನಾಲಿಗೆಯ ಕ್ರಮವನ್ನು ಕೈಯಲ್ಲಿ ತಿರುಗಿಸಬೇಕು. ಸಂಶೋಧಕಿ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುತ್ತಿದ್ದ ಮಕ್ಕಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದೂ ಇದನ್ನೇ: ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಂತೆ ಇದು ಒಂದೆರಡು ವರ್ಷದಲ್ಲಿ ಮುಗಿಯುವ ಕಲಿಕೆಯಲ್ಲ, ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೂ ನಡೆದೇ ಇರುತ್ತದೆ.

ಇದರಿಂದ ಎರಡು ಎಡವಟ್ಟಾಗುತ್ತದೆ. ಯಾವ ತೊಡಕೂ ಇಲ್ಲದ ಮಗುವಿಗೇ ಇಷ್ಟು ಕಾಲ ಬೇಕಾದ್ದರಿಂದ, ನಿಜವಾದ ತೊಡಕಿರುವ ಮಗುವೂ 'ನಿಧಾನಕ್ಕೆ ಬರುತ್ತೆ ಬಿಡಿ' ಎಂಬ ಸಮಾಧಾನದಲ್ಲಿ ಮರೆಯಾಗುತ್ತದೆ. ಇನ್ನೊಂದು ಸೂಕ್ಷ್ಮ. ಇಟಾಲಿಯನ್, ಜರ್ಮನ್, ಫಿನ್ನಿಶ್‌ನಂಥ ಸರಳ ಬರವಣಿಗೆಯ ಭಾಷೆಗಳಲ್ಲಿ ನಡೆದ ಸಂಶೋಧನೆಗಳು ತೋರಿಸಿರುವಂತೆ ಅಲ್ಲಿ ಡಿಸ್ಲೆಕ್ಸಿಯಾ ತಪ್ಪು ಓದಾಗಿ ಅಷ್ಟಾಗಿ ಕಾಣುವುದಿಲ್ಲ, ತೀರಾ ನಿಧಾನದ ಓದಾಗಿ ಕಾಣುತ್ತದೆ. ಕನ್ನಡದ ಮಗುವನ್ನೂ ಅದೇ ಕಣ್ಣಿನಿಂದ ನೋಡಬೇಕು. ಅವನು ಒಂದೊಂದಕ್ಷರ ಕೂಡಿಸಿ ಸರಿಯಾಗಿಯೇ ಓದುತ್ತಾನೆ. ಆದರೆ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಲ್ಲಿ ಏನಿತ್ತೆಂದು ಮರೆತಿರುತ್ತದೆ. ಶಿಕ್ಷಕರ ಕೋಣೆಯಲ್ಲಿ ಕೇಳುವ ಮಾತು ಇದಕ್ಕೆ ಸಾಕ್ಷಿ: 'ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ಬರಿ ಅಂದ್ರೆ ಮಾತ್ರ ಆಗಲ್ಲ.' ಅಷ್ಟು ಹೇಳಿದವರು ರೋಗಲಕ್ಷಣವನ್ನೇ ಹೇಳಿದ್ದಾರೆ, ಅದು ಅವರಿಗೆ ಗೊತ್ತಿಲ್ಲ ಅಷ್ಟೇ. ಮುಂದಿನ ವಾಕ್ಯ ಬಹುಮಟ್ಟಿಗೆ 'ಸೋಮಾರಿ' ಎಂದೋ 'ಮನೇಲಿ ಹೇಳ್ಕೊಡಲ್ಲ' ಎಂದೋ ಇರುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಬ್ಯಾರಿ ಆಡುವ ಮಗು ಕನ್ನಡದ ಪಾಠದಲ್ಲಿ ಹಿಂದೆ ಬಿದ್ದರೆ ಅದಕ್ಕೆಲ್ಲ ಡಿಸ್ಲೆಕ್ಸಿಯಾದ ಚೀಟಿ ಅಂಟಿಸಬಾರದು. ಮನೆಮಾತಿನಲ್ಲಿ ಕಥೆ ಹೇಳುವಾಗ, ಪದಗಳ ಆಟ ಆಡುವಾಗ ಮಗು ಚುರುಕಾಗಿದ್ದರೆ ಅದಕ್ಕೆ ಬೇಕಾಗಿರುವುದು ಶಾಲೆಯ ಭಾಷೆಯ ಒಡನಾಟ. ಕಣ್ಣು ಮತ್ತು ಕಿವಿಯನ್ನು ಮೊದಲು ತೋರಿಸಬೇಕೆಂಬುದೂ ಅಷ್ಟೇ ಮುಖ್ಯ. ಕರಿಹಲಗೆ ಮಂಜಾಗಿ ಕಾಣುವ ಮಗುವನ್ನು ಕನ್ನಡಕ ಕೊಡಿಸುವ ಬದಲು ಬೈದುಕೊಂಡೇ ವರ್ಷ ಕಳೆದ ಮನೆಗಳು ಎಷ್ಟಿಲ್ಲ?

ಹೊಟ್ಟೆನೋವಿನ ಸೋಮವಾರ

ಓದಲಾಗದ ಮಗು ಅದನ್ನು ಹೇಳಿಕೊಳ್ಳುವುದಿಲ್ಲ, ಬಚ್ಚಿಡುತ್ತದೆ. ಬಚ್ಚಿಡುವುದರಲ್ಲಿ ಅದರ ಜಾಣತನವೆಲ್ಲ ಖರ್ಚಾಗುತ್ತದೆ. ಪಕ್ಕದವನು ಓದುವುದನ್ನು ಕೇಳಿ ಪಾಠವನ್ನು ಬಾಯಿಪಾಠ ಮಾಡಿಕೊಂಡು ಪುಸ್ತಕ ನೋಡಿದಂತೆ ನಟಿಸುವವನು ಒಬ್ಬ. ತನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಹೋಗುವವಳು ಒಬ್ಬಳು. ಪುಸ್ತಕ ಮನೆಯಲ್ಲೇ ಮರೆತುಬರುವವನು, ಜಗಳ ತೆಗೆದು ಹೊರಗೆ ನಿಲ್ಲಿಸಿಕೊಳ್ಳುವವನು, ಇಡೀ ಕ್ಲಾಸನ್ನು ನಗಿಸುವವನು. ಓದು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ಪೋಕರಿ ಅನ್ನಿಸಿಕೊಳ್ಳುವುದು ಎಂಟು ವರ್ಷದ ಹುಡುಗನಿಗೆ ಎಷ್ಟೋ ಮೇಲು. ಹುಡುಗಿಯರು ಬಹುಮಟ್ಟಿಗೆ ಇದಕ್ಕೆ ತಿರುಗುಮುರುಗು, ಮೌನವಾಗುತ್ತಾರೆ. ಅಂದವಾದ ಕೈಬರಹದಲ್ಲಿ ಹಲಗೆಯ ಮೇಲಿದ್ದದ್ದನ್ನು ಅಚ್ಚುಕಟ್ಟಾಗಿ ನಕಲು ಮಾಡುತ್ತಾರೆ, ಬರೆದದ್ದರ ಒಂದಕ್ಷರವೂ ಅರ್ಥವಾಗಿರುವುದಿಲ್ಲ. ಗಲಾಟೆ ಮಾಡದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಗಮನ ನಿಲ್ಲದ ತೊಂದರೆಯಾದ ಎಡಿಎಚ್‌ಡಿಯಲ್ಲೂ ಇದೇ ಪಾಡು: ಕುಣಿಯುವ ಹುಡುಗನನ್ನು ಎಲ್ಲರೂ ನೋಡುತ್ತಾರೆ, ಕಿಟಕಿಯಾಚೆ ನೋಡುತ್ತ ಕೂತ ಹುಡುಗಿಯನ್ನು ಯಾರೂ ನೋಡುವುದಿಲ್ಲ.

ಮನೆಯಲ್ಲಿ ಇದು ಹೊಟ್ಟೆನೋವಾಗಿ ಬರುತ್ತದೆ. ಸೋಮವಾರ ಬೆಳಿಗ್ಗೆ ಬಂದು ಭಾನುವಾರ ಇಲ್ಲದಿರುವ ಹೊಟ್ಟೆನೋವು. ತಾಯಿ ಓಮದ ನೀರು ಕೊಡುತ್ತಾಳೆ, ದೃಷ್ಟಿ ತೆಗೆಯುತ್ತಾಳೆ. ಅಪ್ಪ 'ನಾಟಕ' ಅನ್ನುತ್ತಾನೆ. ಅದು ನಾಟಕವಲ್ಲ. ಭಯ ಹೊಟ್ಟೆಯನ್ನು ನಿಜವಾಗಿಯೇ ಹಿಂಡುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ಮಕ್ಕಳ ಮೈ ಹೇಳುತ್ತದೆ. ಆಟಿಸಂ ಇರುವ ಮಗುವಿಗೆ ಈ ಭಯ ಅಕ್ಷರದಿಂದ ಬರಬೇಕಾಗಿಯೂ ಇಲ್ಲ. ಪ್ರಾರ್ಥನೆಯ ಮೈಕು, ತಲೆಯ ಮೇಲೇ ಬಾರಿಸುವ ಗಂಟೆ, ಬಿಸಿಯೂಟದ ಹೊತ್ತಿನಲ್ಲಿ ನೂರಾರು ಸ್ಟೀಲ್ ತಟ್ಟೆಗಳ ಸದ್ದು ಸಾಕು. ಆ ಮಗು ಕಿವಿ ಮುಚ್ಚಿಕೊಂಡು ಓಡಿದರೆ ನಾವು ಅದಕ್ಕೆ ಶಿಸ್ತಿಲ್ಲ ಅನ್ನುತ್ತೇವೆ.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ನಲವತ್ತೈದು ಮಕ್ಕಳ ಹೈಸ್ಕೂಲು ತರಗತಿಯೊಂದನ್ನು ನೆನೆದುಕೊಳ್ಳಿ, ಮೂವರು. ಆ ಮೂವರೂ ನಾಲ್ಕನೇ ಕ್ಲಾಸಿನಲ್ಲಿ ಮುಗ್ಗರಿಸಿದವರೇ ಆಗಿರುತ್ತಾರೆ ಎಂದು ಹೇಳಲಾಗದು. ಮನೆಯ ಕುಡಿತ, ಸಾವು, ಬಡತನ, ದೌರ್ಜನ್ಯ ಎಷ್ಟೋ ಕಾರಣಗಳಿವೆ. ಆದರೆ ದಿನಕ್ಕೆ ಆರು ಗಂಟೆ, ವರ್ಷಕ್ಕೆ ಇನ್ನೂರು ಚಿಲ್ಲರೆ ದಿನ, ಐದಾರು ವರ್ಷ ಕಾಲ ತನಗೆ ಆಗದ ಕೆಲಸವನ್ನು ಎಲ್ಲರೆದುರು ಮಾಡಿ ತೋರಿಸಬೇಕಾದ ಸ್ಥಿತಿಯಲ್ಲಿ ಯಾವ ದೊಡ್ಡವರ ಮನಸ್ಸು ತಾನೇ ನೆಟ್ಟಗಿದ್ದೀತು? ಅಂಥ ಕೆಲಸವನ್ನು ನಾವಾಗಿದ್ದರೆ ಮೊದಲ ತಿಂಗಳಲ್ಲೇ ಬಿಡುತ್ತಿದ್ದೆವು. ಮಕ್ಕಳಿಗೆ ರಾಜೀನಾಮೆಯ ಅನುಕೂಲವಿಲ್ಲ. ಅವರು ಶಾಲೆ ಬಿಟ್ಟರೆ ಅದಕ್ಕೆ ಬೇರೆ ಹೆಸರಿದೆ, ಬೇರೆ ಅಂಕಿಅಂಶಗಳಿವೆ.

ಕಾಗದದ ಮೇಲೆ ಎಲ್ಲವೂ ಇದೆ

1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದು ಏಳು ಬಗೆಯ ಅಂಗವೈಕಲ್ಯಗಳನ್ನು. ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗೆ ಅದರಲ್ಲಿ ಜಾಗವಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿಯನ್ನು ಇಪ್ಪತ್ತೊಂದಕ್ಕೆ ಹಿಗ್ಗಿಸಿತು. ಆಟಿಸಂ, ನಿರ್ದಿಷ್ಟ ಕಲಿಕಾ ನ್ಯೂನತೆ ಎರಡೂ ಒಳಗೆ ಬಂದವು. ಅದರ 16ನೇ ಕಲಮಿನಲ್ಲಿ, ಹೆಚ್ಚು ಜನ ಓದದ ಒಂದು ಸಾಲಿದೆ. ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆ ಮಾಡಿ, ಅದನ್ನು ದಾಟಲು ಬೇಕಾದ ಬೋಧನಾ ಕ್ರಮಗಳನ್ನು ಕೈಗೊಳ್ಳುವುದು ಶಾಲೆಯ ಕರ್ತವ್ಯ ಎನ್ನುತ್ತದೆ ಅದು. ಪೋಷಕರು ಅಲೆದು ಕಾಗದ ತರಲಿ, ಆಮೇಲೆ ನೋಡೋಣ ಎಂದಲ್ಲ. ಪತ್ತೆ ಮಾಡುವ ಹೊಣೆಯೇ ಶಾಲೆಯದು.

ಇನ್ನು ಪ್ರಮಾಣಪತ್ರದ ಕಥೆ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಎಂಟು ವರ್ಷ ತುಂಬಿದ ಮೇಲೆಯೇ ಕೊಡುವುದು. ಹದಿನಾಲ್ಕರಲ್ಲಿ ಮತ್ತು ಹದಿನೆಂಟರಲ್ಲಿ ಮರುಪರೀಕ್ಷೆ. ಎಂಟು ವರ್ಷಕ್ಕೆ ಮೊದಲು ಖಚಿತವಾಗಿ ಹೇಳುವುದು ಕಷ್ಟವೆಂಬುದು ವೈದ್ಯಕೀಯವಾಗಿ ಒಪ್ಪಬೇಕಾದ ಮಾತೇ. ಆದರೆ ಈ ಎಂಟು ವರ್ಷವನ್ನು ನಮ್ಮ ಶಾಲೆಯ ಲೆಕ್ಕಕ್ಕೆ ಹಚ್ಚಿ ನೋಡಿ. ಆರಕ್ಕೆ ಒಂದನೇ ತರಗತಿ ಸೇರಿದ ಮಗುವಿಗೆ ಎಂಟು ತುಂಬುವುದು ಮೂರನೇ ತರಗತಿಯಲ್ಲಿ. ಮೂರನೆಯದು ಮುಗಿದರೆ ನಲಿ-ಕಲಿಯ ಏಣಿಯೂ ಮುಗಿಯಿತು. ಹೀಗಾಗಿ ಸರ್ಕಾರ 'ಈಗ ಪರೀಕ್ಷಿಸಬಹುದು' ಅನ್ನುವ ವಯಸ್ಸೂ, ಶಾಲೆ 'ಇನ್ನು ನಿನ್ನ ವೇಗಕ್ಕೆ ಕಾಯುವುದಿಲ್ಲ' ಅನ್ನುವ ವಯಸ್ಸೂ ಒಂದರ ಬೆನ್ನಿಗೊಂದು ಬರುತ್ತವೆ. ಮೂರನೇ ತರಗತಿಯ ಕೊನೆಯಲ್ಲಿ ಪ್ರತಿ ಮಗುವಿನ ಓದನ್ನು ಕಿವಿಗೊಟ್ಟು ಕೇಳಿ, ಸಂಶಯವಿದ್ದವರನ್ನು ಮುಂದಿನ ತಪಾಸಣೆಗೆ ಕಳಿಸುವುದಕ್ಕೆ ಇದಕ್ಕಿಂತ ಪ್ರಶಸ್ತ ಕಾಲ ಬೇರೆ ಸಿಗದು. ಈ ಎರಡನ್ನೂ ಜೋಡಿಸುವ ಕೊಂಡಿಯೇ ನಮ್ಮಲ್ಲಿ ಇಲ್ಲ.

ಉಪಕರಣಗಳಿಲ್ಲವೆಂದು ಹೇಳುವಂತಿಲ್ಲ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಮಗ್ರಿ ಹಿಂದಿ, ಮರಾಠಿ, ಇಂಗ್ಲಿಷ್ ಜತೆಗೆ ಕನ್ನಡದಲ್ಲೂ ಇದೆ; ತರಗತಿಯ ಶಿಕ್ಷಕರೇ ಬಳಸಬಹುದಾದ ಪ್ರಾಥಮಿಕ ತಪಾಸಣೆಯ ಭಾಗ ಅದರಲ್ಲಿದೆ. ಎನ್‌ಸಿಇಆರ್‌ಟಿ 2022ರಲ್ಲಿ 'ಪ್ರಶಸ್ತ್' ಎಂಬ ತಪಾಸಣಾ ಪಟ್ಟಿಯನ್ನು ಮೊಬೈಲ್ ಆ್ಯಪ್ ಆಗಿಯೇ ಕೊಟ್ಟಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಇಡೀ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಕೊಟ್ಟದ್ದೇ ನಮ್ಮ ಬಳ್ಳಾರಿ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ 'ಮನೋಚೈತನ್ಯ' ಯೋಜನೆಯೂ ನಮ್ಮದೇ. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಒಂದು ಮಗುವಿಗೆ ಓದು ಯಾಕೆ ಬರುತ್ತಿಲ್ಲ ಎಂದು ಆರನೇ ತರಗತಿಯವರೆಗೂ ಯಾರೂ ಕೇಳದಿರುವುದು ಹೇಗೆ?

ಉತ್ತರ ಇಲಾಖೆಗಳ ನಡುವೆ ಸಿಕ್ಕಿಕೊಂಡಿದೆ. ಕಲಿಕೆ ಶಿಕ್ಷಣ ಇಲಾಖೆಗೆ, ಮನಸ್ಸು ಆರೋಗ್ಯ ಇಲಾಖೆಗೆ, ಪ್ರಮಾಣಪತ್ರ ಜಿಲ್ಲಾ ಆಸ್ಪತ್ರೆಗೆ, ಗುರುತಿನ ಕಾರ್ಡು ಅಂಗವಿಕಲರ ಕಲ್ಯಾಣ ಇಲಾಖೆಗೆ, ರಕ್ಷಣೆ ಮಹಿಳಾ ಮತ್ತು ಮಕ್ಕಳ ಇಲಾಖೆಗೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ, ಅದರ ವ್ಯಾಪ್ತಿಯಲ್ಲಿ ಬೆಳವಣಿಗೆಯ ತೊಡಕುಗಳೂ ಇವೆ. ಆದರೆ ಒಂದೇ ಬೆಳಿಗ್ಗೆ ಇಡೀ ಶಾಲೆಯನ್ನು ನೋಡಿ ಮುಗಿಸಬೇಕಾದ ತಂಡಕ್ಕೆ ಹುಳುಕು ಹಲ್ಲು ಕಾಣುತ್ತದೆ, ರಕ್ತಹೀನತೆ ಕಾಣುತ್ತದೆ; ನಿಧಾನದ ಓದು ಕಾಣುವುದಕ್ಕೆ ಪಕ್ಕದಲ್ಲಿ ಕೂತು ಕೇಳುವ ಪುರುಸೊತ್ತು ಬೇಕು.

ಆ ಪುರುಸೊತ್ತಿಗಾಗಿಯೇ ಇರಬೇಕಾದವರು ವಿಶೇಷ ಶಿಕ್ಷಕರು. ಸರ್ಕಾರಿ ಶಾಲೆಗಳವರು ಇವರನ್ನು ಬಿಐಇಆರ್‌ಟಿ ಎಂದು ಕರೆಯುತ್ತಾರೆ. ಇವರಿರುವುದು ಶಾಲೆಯಲ್ಲಲ್ಲ, ಬಿಇಒ ಕಚೇರಿಯ ಆವರಣದ ಸಂಪನ್ಮೂಲ ಕೇಂದ್ರದಲ್ಲಿ, ಇಡೀ ತಾಲ್ಲೂಕಿಗೆ ಬೆರಳೆಣಿಕೆಯಷ್ಟು. ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುವವರು ಇವರೇ, ಫಿಸಿಯೊಥೆರಪಿ ಶಿಬಿರ ನಡೆಸುವವರು ಇವರೇ, ಸಾಧನ ಸಲಕರಣೆ ಹಂಚುವವರು, ಅಂಕಿಅಂಶ ತುಂಬುವವರು ಇವರೇ. ಒಂದು ಹೋಬಳಿಯ ತುದಿಯಿಂದ ಇನ್ನೊಂದು ತುದಿಗೆ ಬಸ್ಸಿನಲ್ಲಿ ಅಲೆಯುವ ಈ ಶಿಕ್ಷಕರಿಗೆ ಮೂರನೇ ತರಗತಿಯ ಹುಡುಗನೊಬ್ಬನ ಕಾಗುಣಿತವನ್ನು ವಾರಕ್ಕೆ ಮೂರು ದಿನ ನೋಡುವುದು ಆಗದ ಮಾತು. ಅವರನ್ನು ದೂರಿ ಫಲವಿಲ್ಲ.

ಸುಪ್ರೀಂ ಕೋರ್ಟಿಗೆ ವಿಶೇಷ ಶಿಕ್ಷಕರ ಈ ಕೊರತೆ ಗೊತ್ತಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರಿನಲ್ಲಿ ಅದು, ವಿಶೇಷ ಅಗತ್ಯವಿರುವ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತಕ್ಕೊಬ್ಬರು, ಮುಂದಿನ ಹಂತಗಳಲ್ಲಿ ಹದಿನೈದಕ್ಕೊಬ್ಬರು ವಿಶೇಷ ಶಿಕ್ಷಕರಿರಬೇಕು ಎಂದಿತು. ರಾಜ್ಯಗಳು ಮಂಜೂರಾದ ಹುದ್ದೆಗಳನ್ನೇ ಗುರುತಿಸದಿದ್ದಾಗ 2025ರ ಮಾರ್ಚ್‌ನಲ್ಲಿ ಮತ್ತೆ ಗಡುವು ಕೊಟ್ಟಿತು. ಅದೇ ವರ್ಷ ಜುಲೈನಲ್ಲಿ, ಆಂಧ್ರದಲ್ಲಿ ಕೋಚಿಂಗಿಗೆ ಹೋಗಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಾದ ಒಬ್ಬ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು ಎಂಬ ಮಾರ್ಗಸೂಚಿ ಬಂತು. ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರ ಜತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗಳು ಬಹುಪಾಲು ನೂರರ ಕೆಳಗಿನವು. ಅಂದರೆ ಆ ಸಂಪರ್ಕವೇ ಅವುಗಳ ಜೀವನಾಡಿ, ಅದನ್ನು ಯಾರು ಕಟ್ಟಿಕೊಡಬೇಕು ಎಂಬುದನ್ನು ಮುಖ್ಯಶಿಕ್ಷಕರ ಹೆಗಲಿಗೆ ಬಿಟ್ಟರೆ ಅದು ಒಂದು ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ.

ಕೋಣೆಯೊಳಗೆ ಆಗುವಂಥದ್ದು

ತಜ್ಞರು ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಬೇಕಾದ ಬದಲಾವಣೆಗಳಲ್ಲಿ ಅರ್ಧದಷ್ಟು ಖರ್ಚಿಲ್ಲದವು, ಬಹಳಷ್ಟು ಒಳ್ಳೆಯ ಮೇಷ್ಟರುಗಳು ಯಾರ ಆದೇಶವೂ ಇಲ್ಲದೆ ಮಾಡಿಕೊಂಡು ಬಂದವು.

ಎಲ್ಲರೆದುರು ಗಟ್ಟಿಯಾಗಿ ಓದಿಸುವುದನ್ನು ತೆಗೆದುಕೊಳ್ಳಿ. ತೊಡಕಿರುವ ಮಗುವಿಗೆ ಯಾವ ಪರಿಚ್ಛೇದ ಓದಬೇಕೆಂದು ಹಿಂದಿನ ದಿನವೇ ಹೇಳಿದರೆ ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬರುತ್ತದೆ. ಮರುದಿನ ಅದು ತಡವರಿಸದೆ ಓದಿದಾಗ ತರಗತಿಗೆ ಆ ಗುಟ್ಟು ಗೊತ್ತಾಗಬೇಕಾಗಿಲ್ಲ. ಕರಿಹಲಗೆಯಿಂದ ನಕಲು ಮಾಡುವ ಕೆಲಸವನ್ನು ಅರ್ಧಕ್ಕಿಳಿಸಬಹುದು. ಉತ್ತರದ ವಿಷಯಕ್ಕೂ ಕಾಗುಣಿತಕ್ಕೂ ಬೇರೆ ಬೇರೆ ಅಂಕ ಕೊಡಬಹುದು. ಮಳೆ ಹೇಗೆ ಬರುತ್ತದೆಂದು ತಿಳಿದ ಮಗುವಿಗೆ 'ಮಳೆ' ಬರೆಯಲು ಬರಲಿಲ್ಲವೆಂದು ಪರಿಸರ ಅಧ್ಯಯನದಲ್ಲಿ ಸೊನ್ನೆ ಕೊಡುವುದು ಅನ್ಯಾಯ. ಅಕ್ಷರವನ್ನು ರಾಗಿ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ತೀಡಿಸುವುದು ನಮ್ಮ ಅಜ್ಜಂದಿರ ಮರಳಿನ ಮೇಲಿನ ಬರವಣಿಗೆಯೇ. ಅಕ್ಷರವನ್ನು ಕಣ್ಣು, ಕಿವಿ, ಕೈ ಮೂರರಿಂದಲೂ ಒಟ್ಟಿಗೆ ಕಲಿಸುವ ಈ ಕ್ರಮವನ್ನೇ ಇಂದಿನ ವಿಶೇಷ ಶಿಕ್ಷಣ ಡಿಸ್ಲೆಕ್ಸಿಯಾಕ್ಕೆ ಶಿಫಾರಸು ಮಾಡುವುದು. ಗಂಟೆ-ಗದ್ದಲ ತಾಳಲಾರದ ಮಗುವನ್ನು ಊಟಕ್ಕೆ ಹತ್ತು ನಿಮಿಷ ಮೊದಲೇ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ನಲಿ-ಕಲಿ ಕೋಣೆಯಲ್ಲಿ ಹವಾಮಾನ ನಕ್ಷೆಯೊಂದಿರುತ್ತದೆ. ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳು ದಿನವೂ ಗುರುತಿಸುತ್ತಾರೆ. ಅದರ ಪಕ್ಕದಲ್ಲೇ ಇವತ್ತು ನನ್ನ ಮನಸ್ಸಿನಲ್ಲಿ ಏನಿದೆ ಎಂದು ಗುರುತಿಸುವ ಒಂದು ಸಾಲು ಸೇರಿಸಲು ಎಷ್ಟು ಹೊತ್ತು? ಮೂರು ದಿನ ಸತತವಾಗಿ ಮೋಡವನ್ನೇ ಗುರುತಿಸಿದ ಮಗುವಿನ ಪಕ್ಕದಲ್ಲಿ ಐದು ನಿಮಿಷ ಕೂರಲು ಶಿಕ್ಷಕಿಗೆ ಅದೊಂದು ನೆಪವಾಗುತ್ತದೆ. ಇದು ಚಿಕಿತ್ಸೆಯಲ್ಲ. ಆದರೆ ಮನಸ್ಸಿಗೂ ಹವಾಮಾನವಿದೆ, ಅದನ್ನು ಹೇಳಿಕೊಂಡರೆ ಬೈಗುಳ ಬರುವುದಿಲ್ಲ ಎಂದು ಆರು ವರ್ಷದ ಮಗುವಿಗೆ ತಿಳಿದಿದ್ದರೆ ಹದಿನಾರರಲ್ಲಿ ಅದು ಮಾತಾಡೀತು.

ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಓದು ಬಾರದಿರುವುದನ್ನು ಇಲಾಖೆಯೇ ಒಪ್ಪಿಕೊಂಡು ಪ್ರಥಮ್ ಸಂಸ್ಥೆಯ ಜತೆ 'ಓದು ಕರ್ನಾಟಕ' ನಡೆಸಿತು. ಕೋವಿಡ್ ಮುಗಿದ ಮೇಲೆ 2022-23ನ್ನು 'ಕಲಿಕಾ ಚೇತರಿಕೆ'ಯ ವರ್ಷವೆಂದೇ ಕರೆಯಿತು. ಇಂಥ ಕಾರ್ಯಕ್ರಮಗಳಿಂದ ಅನೇಕ ಮಕ್ಕಳು ಓದು ಹತ್ತಿಸಿಕೊಳ್ಳುತ್ತಾರೆ. ನನಗೆ ಕುತೂಹಲ ಇರುವುದು ಹತ್ತಿಸಿಕೊಳ್ಳದ ಮಕ್ಕಳ ಬಗ್ಗೆ. ಎಲ್ಲರಿಗೂ ಹೆಚ್ಚುವರಿ ಸಹಾಯ ಕೊಟ್ಟ ಮೇಲೂ ಯಾರು ಅಲ್ಲೇ ನಿಂತರೋ ಅವರಿಗೇ ತಜ್ಞರ ತಪಾಸಣೆ ಮೊದಲು ಬೇಕು. ಆ ಹೆಸರುಗಳು ಶಿಕ್ಷಕರ ಬಳಿ ಈಗಾಗಲೇ ಇವೆ. ಕಾರ್ಯಕ್ರಮ ಮುಗಿದ ಮೇಲೆ ಶೇಕಡಾವಾರು ಯಶಸ್ಸಿನ ವರದಿ ಮೇಲಕ್ಕೆ ಹೋಗುತ್ತದೆ, ಆ ಪಟ್ಟಿ ಮಾತ್ರ ಬೀರುವಿನಲ್ಲೇ ಉಳಿಯುತ್ತದೆ.

ಖಾಸಗಿ ಶಾಲೆಗಳ ಕಥೆ ಬೇರೆ. ಬೆಂಗಳೂರಿನ ದೊಡ್ಡ ಶಾಲೆಗಳಲ್ಲಿ ಆಪ್ತಸಮಾಲೋಚಕರಿದ್ದಾರೆ, ವಿಶೇಷ ಶಿಕ್ಷಕರಿದ್ದಾರೆ, ಅದಕ್ಕೆ ತಕ್ಕ ಶುಲ್ಕವೂ ಇದೆ. ನಡುವಣ ದರ್ಜೆಯ ಶಾಲೆಗಳಲ್ಲಿ ಪೋಷಕರು ಕೇಳುವುದು 'ನಿಮ್ಮ ಮಗುಗೆ ಈ ಸ್ಕೂಲು ಸೂಟ್ ಆಗಲ್ಲ, ಟಿಸಿ ತಗೊಂಡುಬಿಡಿ' ಎಂಬ ಮೆತ್ತಗಿನ ಮಾತು. ಆ ಮಾತು ಎಷ್ಟೇ ನಯವಾಗಿರಲಿ, ತೊಡಕಿನ ಕಾರಣಕ್ಕೆ ಮಗುವನ್ನು ಸಾಗಹಾಕುವುದು 2016ರ ಕಾಯ್ದೆಗೆ ವಿರುದ್ಧ. ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ ಎಂಬುದನ್ನು ಎರಡೂ ಬಗೆಯ ಶಾಲೆಗಳು ನೆನಪಿಟ್ಟುಕೊಳ್ಳಬೇಕು. ಓದಲು ಬಾರದ ಮಗುವನ್ನು ಕೆಳಗಿನ ತರಗತಿಯಲ್ಲಿ ಕೂರಿಸಿ ನಾಚಿಸುವುದು ಶಿಸ್ತಿನ ಕ್ರಮವಲ್ಲ, ಕಾನೂನುಬಾಹಿರ.

ಎಸ್ಸೆಸ್ಸೆಲ್ಸಿಯ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಎಚ್ಚರವಾಗುತ್ತದೆ. ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ, ಭಾಷಾ ವಿನಾಯಿತಿ, ಇವೆಲ್ಲ ಅರ್ಹರಿಗೆ ಸಿಗುತ್ತವೆ. ಅಂಗವೈಕಲ್ಯದ ಶೇ. 40ರ ಮಿತಿ ಮುಟ್ಟದವರಿಗೂ ಅಗತ್ಯವಿದ್ದರೆ ಬರಹ ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹತ್ತನೇ ತರಗತಿಯ ಡಿಸೆಂಬರಿನಲ್ಲಿ ಪ್ರಮಾಣಪತ್ರಕ್ಕೆ ಓಡಾಡುವ ಅಪ್ಪ-ಅಮ್ಮಂದಿರಿಗೆ ಸಿಗುವುದು ಪರೀಕ್ಷೆಯ ಅನುಕೂಲ ಮಾತ್ರ. ಅದಕ್ಕೆ ಮೊದಲಿನ ಆರು ವರ್ಷ ತಾನು ದಡ್ಡನೆಂದು ನಂಬಿ ಬದುಕಿದ ಹುಡುಗನಿಗೆ ಆ ಕಾಗದ ಆ ವರ್ಷಗಳನ್ನು ಮರಳಿ ಕೊಡುವುದಿಲ್ಲ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಹೆಚ್ಚಿನವರು ಪೋಷಕರೇ. ಸಭೆಯಲ್ಲಿ ಬಣ್ಣ, ಕಾಂಪೌಂಡು, ಶೌಚಾಲಯದ ಚರ್ಚೆ ಆಗುತ್ತದೆ, ಆಗಲೇಬೇಕು. ನಿಮ್ಮೂರಿನ ಶಾಲೆಯ ಮುಂದಿನ ಸಭೆಗೆ ಹೋದಾಗ ಎರಡು ಪ್ರಶ್ನೆ ಕೇಳಿ. ಮೂರನೇ ತರಗತಿ ಮುಗಿಸುತ್ತಿರುವ ಮಕ್ಕಳಲ್ಲಿ ಒಂದು ಪುಟ ಓದಲು ತೊಡರುವವರು ಯಾರು, ಅವರ ಕಣ್ಣು ಕಿವಿ ತಪಾಸಣೆ ಆಗಿದೆಯೇ? ನಮ್ಮ ಶಾಲೆಗೆ ಗೊತ್ತುಮಾಡಿರುವ ವಿಶೇಷ ಶಿಕ್ಷಕರು ಯಾರು, ಕಳೆದ ಸಲ ಬಂದದ್ದು ಯಾವಾಗ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮಗುವಿನ ಮನಸ್ಸಿನ ಬಗ್ಗೆ ಆತಂಕವಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಹೊಡೆತ, ದೌರ್ಜನ್ಯದ ಸಂಶಯವಿದ್ದರೆ 1098. ಎರಡಕ್ಕೂ ಹಣ ಕೊಡಬೇಕಾಗಿಲ್ಲ.